ಯುಂಗ್‌ಫ್ರೌವೋ, ವೆನಿಸ್ಸೋ?

ಊರಿನಲ್ಲಿ ಅಡಿಕೆ ಕೊಯ್ಲು ಮುಗಿಯಿತೆಂದರೆ ನಮ್ಮ ಕೂಟದ ಮನೆಗಳಿಗೆ ಹಿರಿಯರು ಬರುವ ಕಾಲ ಆರಂಭವಾಗುತ್ತದೆ. ಹಪ್ಪಳ, ಮಿಡಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಬಂದಿಳಿಯುವ ಅವರಲ್ಲಿ ಬಹಳ ಮಂದಿಗೆ ಇದೇ ಮೊದಲ ವಿದೇಶ ಪ್ರವಾಸ. ಎಷ್ಟೋ ಜನರಿಗೆ ಕೊನೆಯದೂ ಇದೇ. ಆದ್ದರಿಂದ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ಏನಾಯಿತೆಂಬುದನ್ನು ಬರೆದರೆ ಇತರ ಸದಸ್ಯರಿಗೂ ಉಪಯೋಗವಾದೀತೆಂದು ಈ ನಾಲ್ಕು ಮಾತು.

ನಮ್ಮ ಮಾವನವರಿಗೆ 77 ವರ್ಷ, ಅತ್ತೆಯವರಿಗೆ 71. ಸಾಗರ ತಾಲ್ಲೂಕಿನ ತೋಟದವರು. ಮೆಣಸು ಕೊಯ್ಯಿಸುವ ಹೊಣೆಯನ್ನು ಮಗನಿಗೆ ಒಪ್ಪಿಸಿ, ಮಾರ್ಚ್ ತಿಂಗಳಲ್ಲಿ ನೊಯ್‌ಬಿಬರ್ಗ್‌ಗೆ ಬಂದರು. ಮಾವನವರ ಆಸೆ ಒಂದೇ. "ಮಳೆ ನಾವು ನೋಡಿದಷ್ಟು ನಿಮ್ಮ ಜರ್ಮನಿಯವರು ನೋಡಿರಲಿಕ್ಕಿಲ್ಲ ಅಳಿಯಂದಿರೇ, ಹಿಮ ಮಾತ್ರ ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು" ಎಂದರು. ಮ್ಯೂನಿಕ್ಕಿನ ಹಿಮವೋ ಅಷ್ಟರಲ್ಲಿ ಕರಗಿ ಹೋಗಿತ್ತು. ಊರಿನವರೆಲ್ಲ ಹೇಳಿದ ಸ್ವಿಟ್ಜರ್‌ಲೆಂಡಿನ ಯುಂಗ್‌ಫ್ರೌಯೋಖ್ ಅವರ ತಲೆಯಲ್ಲಿ ಕುಳಿತಿತ್ತು. ಭಾರತೀಯರಿಗೆ ಆ ಕಡೆಯ ಹುಚ್ಚು ಹಿಡಿಸಿದ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ 2016ರಲ್ಲಿ ಇಂಟರ್‌ಲಾಕನ್‌ನಲ್ಲಿ ನಿಲ್ಲಿಸಿದ್ದಾರೆ, ಇನ್ನು ನಮ್ಮ ಮಾವನವರ ಪಾಡೇನು! ಅತ್ತೆಯವರದು ಬೇರೆ ರಾಗ. ಯಾವುದೋ ವಾರಪತ್ರಿಕೆಯಲ್ಲಿ ವೆನಿಸ್ಸಿನ ಬಗ್ಗೆ ಓದಿದ್ದರು. ಮನೆ ಬಾಗಿಲಿಗೇ ದೋಣಿ ಬರುವ ಊರನ್ನು ಕಣ್ಣಾರೆ ನೋಡಬೇಕೆಂದರು.

ನಮಗೆ ಸಿಕ್ಕ ರಜೆ ನಾಲ್ಕೇ ದಿನ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ವೀಸಾದಿಂದಲೂ ತೀರ್ಮಾನ ಸಿಗಲಿಲ್ಲ. ಸ್ವಿಟ್ಜರ್‌ಲೆಂಡ್ 2008ರಲ್ಲಿಯೇ ಷೆಂಗೆನ್ ವಲಯಕ್ಕೆ ಸೇರಿದ್ದರಿಂದ ಒಂದೇ ವೀಸಾ ಎರಡು ಕಡೆಗೂ ಸಾಕು. ನಮ್ಮಾಕೆ ಮೊದಲು ಲೆಕ್ಕ ಹಾಕಿದ್ದು ತಾಯಿಯ ಮಂಡಿಗಳದು. ವೆನಿಸ್ಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳು, ಬಹುಪಾಲಿಗೆ ಮೆಟ್ಟಿಲು. ಅತ್ತೆಯವರ ಎರಡೂ ಮಂಡಿ ಸವೆದಿವೆ. ಯುಂಗ್‌ಫ್ರೌ ಕಡೆ ಹೋದರೆ ರೈಲೇ ಹಿಮದ ಬಾಗಿಲಿಗೆ ಕರೆದೊಯ್ಯುತ್ತದೆ. 1912ರಲ್ಲಿ ತೆರೆದ ಆ ನಿಲ್ದಾಣಕ್ಕೆ ಬೆಟ್ಟದೊಳಗಿನ ಸುರಂಗದಲ್ಲಿ ಕುಳಿತೇ ಹೋಗಬಹುದು. ಮಂಡಿಯ ಲೆಕ್ಕದಲ್ಲಿ ಯುಂಗ್‌ಫ್ರೌ ಗೆದ್ದಿತು.

ಆದರೆ ನಾವು ವೃತ್ತಿಯಿಂದ ವೈದ್ಯರಾದ್ದರಿಂದ ಮಂಡಿಯಿಂದ ಮೇಲಕ್ಕೂ ನೋಡಬೇಕಾಯಿತು. ಯುಂಗ್‌ಫ್ರೌಯೋಖ್ ಇರುವುದು 3,454 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿ 1,343 ಮೀಟರ್. ಅಂದರೆ ಎರಡೂವರೆ ಕೊಡಚಾದ್ರಿಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆ, ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿದುಕೊಳ್ಳಬೇಕು. 2020ರ ಡಿಸೆಂಬರಿನಲ್ಲಿ ಗ್ರಿಂಡೆಲ್‌ವಾಲ್ಡ್‌ನಿಂದ ಹೊಸ ಕೇಬಲ್ ಕಾರ್ ಬಂದ ಮೇಲೆ ಕಣಿವೆಯಿಂದ ತುದಿಗೆ ಸುಮಾರು ಒಂದು ಗಂಟೆಯಲ್ಲಿ ತಲುಪಬಹುದು. ಸಮಯ ಉಳಿಯುತ್ತದೆ ನಿಜ, ಆದರೆ ದೇಹಕ್ಕೆ ಹೊಂದಿಕೊಳ್ಳಲು ಅವಕಾಶವೇ ಇರುವುದಿಲ್ಲ.

ಹೃದಯದ ತೊಂದರೆ ಇರುವವರು ಯಾರೂ ಬೆಟ್ಟ ಹತ್ತಬಾರದೆಂದು ನಾವು ಹೇಳುತ್ತಿಲ್ಲ. ಕಾಯಿಲೆ ಹತೋಟಿಯಲ್ಲಿದ್ದು, ದಿನವೂ ಚೆನ್ನಾಗಿ ನಡೆದಾಡುವ ಎಷ್ಟೋ ಜನ ಹೋಗಿ ಸುಖವಾಗಿ ಬರುತ್ತಾರೆ. ಮಾವನವರಿಗೆ ಸ್ಟೆಂಟ್ ಹಾಕಿದ್ದು 2021ರಲ್ಲಿ. "ಈಗ ಏನೂ ಇಲ್ಲ, ತೋಟದಲ್ಲಿ ದಿನಾ ಓಡಾಡ್ತೇನೆ" ಎಂಬುದು ಅವರ ಹೇಳಿಕೆ. ಆದರೆ ಸಂಜೆ ಹಾಖಿಂಗರ್ ಟಾಲ್ ಉದ್ಯಾನದಲ್ಲಿ ತಿರುಗಾಡುವಾಗ ಸಣ್ಣ ಏರು ಬಂದ ಕಡೆಯೆಲ್ಲ ಅವರು ನಿಂತು ಯಾವುದಾದರೊಂದು ಮರವನ್ನು ನೋಡುತ್ತಿದ್ದರು. ಮೊದಲ ದಿನ ಅದು ತೋಟದವರ ಕುತೂಹಲವೆಂದೇ ಕಂಡಿತು. ಮೂರನೆಯ ದಿನ ಅದೇ ಏರು, ಅದೇ ಮರ! ಕೈ ಎದೆಯ ಹತ್ತಿರ ಹೋಗುತ್ತಿತ್ತು. ನಮ್ಮ ಹಿರಿಯರು ಎದೆನೋವನ್ನು "ಗ್ಯಾಸು" ಎನ್ನುತ್ತಾರೆ, ಏದುಸಿರನ್ನು "ವಯಸ್ಸು" ಎನ್ನುತ್ತಾರೆ. ಮಕ್ಕಳ ಖರ್ಚಿನಲ್ಲಿ ಇಷ್ಟು ದೂರ ಬಂದು ಕಾಯಿಲೆ ಹೇಳಿಕೊಳ್ಳುವುದು ಅವರಿಗೆ ಸಂಕೋಚ.

ಪರಿಚಯದ ಹೃದ್ರೋಗ ತಜ್ಞರ ಬಳಿ ಕರೆದೊಯ್ದೆವು. ಸೈಕಲ್ ತುಳಿಸಿ ಇಸಿಜಿ ತೆಗೆದರು. ಶ್ರಮವಾದಾಗ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೆಂಬುದು ಸ್ಪಷ್ಟವಾಗಿ ಕಂಡಿತು. ಔಷಧಿ ಬದಲಾಯಿಸಿ, ಸಮತಟ್ಟಾದ ಜಾಗದಲ್ಲಿ ನಡೆಯಲು ಅಡ್ಡಿಯಿಲ್ಲ, ಎತ್ತರದ ಬೆಟ್ಟ ಸದ್ಯಕ್ಕೆ ಬೇಡ ಎಂದರು. ಪರೀಕ್ಷೆಯ ಖರ್ಚನ್ನು ನಾವೇ ಕೊಟ್ಟೆವು. ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೆಂಬುದು ಎಲ್ಲರಿಗೂ ಗೊತ್ತು, ಆದರೆ ಮೊದಲೇ ಇದ್ದ ಕಾಯಿಲೆಯನ್ನು ಅನೇಕ ವಿಮೆಗಳು ಹೊರಗಿಡುತ್ತವೆ. ವೀಸಾಕ್ಕಾಗಿ ಕಚೇರಿಯಲ್ಲಿ ಹೊಣೆಪತ್ರಕ್ಕೆ ಸಹಿ ಹಾಕಿದ್ದರಂತೂ ಆಸ್ಪತ್ರೆಯ ಬಿಲ್ಲು ನಮ್ಮ ತಲೆಯ ಮೇಲೆಯೇ ಬರುತ್ತದೆ.

ಇಷ್ಟಾದ ಮೇಲೂ ಕಷ್ಟದ ಕೆಲಸ ಉಳಿದೇ ಇತ್ತು. ಎಪ್ಪತ್ತೇಳು ವರ್ಷದ ಹಿರಿಯರಿಗೆ, ಅವರು ಬಾಯಿಬಿಟ್ಟು ಕೇಳಿದ ಒಂದೇ ಒಂದನ್ನು ಬೇಡವೆನ್ನುವುದು ಹೇಗೆ? ರೋಗಿಗಳಿಗೆ ದಿನವೂ ಹೇಳುವ ಮಾತು ಮಾವನವರ ಎದುರು ಹೊರಡಲೇ ಇಲ್ಲ. ಎರಡು ದಿನ ಅವರು ಹೆಚ್ಚು ಮಾತಾಡಲಿಲ್ಲ. "ನೋಡದೆ ಹೋದರೆ ಏನಾಗ್ತದೆ, ನೋಡಿ ಹೋದರೆ ಏನಾಗ್ತದೆ, ಎರಡೂ ಒಂದೇ ಅಲ್ವಾ" ಎಂದು ಒಮ್ಮೆ ಗೊಣಗಿದರು. ಕೊನೆಗೆ ಮಾತು ಮುಗಿಸಿದವರು ಅತ್ತೆಯವರು. "ನಿಮಗೆ ಎರಡೂ ಒಂದೇ ಇರಬಹುದು. ಆ ಮನೆಗೆ ಒಬ್ಬಳೇ ವಾಪಸು ಹೋಗಬೇಕಾದವಳು ನಾನು" ಎಂದರು. ಮಾವನವರು ಕನ್ನಡಕ ಒರೆಸಿಕೊಂಡು, "ಸರಿ, ದೋಣಿಯಾದರೆ ದೋಣಿ" ಎಂದರು.

ಮ್ಯೂನಿಕ್ಕಿನ ಓಸ್ಟ್‌ಬಾನ್‌ಹೋಫ್‌ನಲ್ಲಿ ವೆನಿಸ್ಸಿನ ನೇರ ರೈಲು ಹತ್ತಿದೆವು. ಆ ದಾರಿ ಬ್ರೆನ್ನರ್ ಕಣಿವೆಮಾರ್ಗದ ಮೂಲಕ ಆಲ್ಪ್ಸ್ ದಾಟುತ್ತದೆ. ಎತ್ತರ 1,370 ಮೀಟರ್, ಹೆಚ್ಚುಕಡಿಮೆ ಕೊಡಚಾದ್ರಿಯಷ್ಟೇ. ಇನ್ಸ್‌ಬ್ರುಕ್ ದಾಟಿದ ಮೇಲೆ ಎರಡೂ ಕಡೆ ಬೆಳ್ಳಗಿನ ಬೆಟ್ಟಗಳು. ಗಡಿಯ ನಿಲ್ದಾಣದಲ್ಲಿ ರೈಲು ಸ್ವಲ್ಪ ಹೊತ್ತು ನಿಂತಾಗ ಪ್ಲಾಟ್‌ಫಾರಂನ ಅಂಚಿನಲ್ಲಿ ಹಳೆಯ ಹಿಮದ ಗುಡ್ಡೆಯೊಂದು ಉಳಿದಿತ್ತು. ಕೊಳಕಾಗಿತ್ತು, ಮೇಲೆಲ್ಲ ಮಸಿ. ನಮ್ಮಾಕೆ ತಂದೆಯ ಕೈ ಹಿಡಿದು ಇಳಿಸಿದರು. ಅವರು ಮೇಲಿನ ಪದರ ಸರಿಸಿ ಒಳಗಿನದನ್ನು ಒಂದು ಹಿಡಿ ತೆಗೆದುಕೊಂಡು, "ಉಪ್ಪಿನ ಹಾಗಿದೆಯಲ್ಲ!" ಎಂದರು. ಟಿಕೆಟ್ ಇಲ್ಲದೆ ಸಿಕ್ಕ ಹಿಮ.

ವೆನಿಸ್ಸಿನಲ್ಲಿ ಅತ್ತೆಯವರ ಮಂಡಿಗೆ ವಾಪೊರೆಟ್ಟೊ ಎಂಬ ನೀರಿನ ಬಸ್ಸು ನೆರವಾಯಿತು. ನಿಲ್ದಾಣದ ಎದುರಿನಿಂದಲೇ ಒಂದನೇ ನಂಬರಿನದು ದೊಡ್ಡ ಕಾಲುವೆಯುದ್ದಕ್ಕೂ ಸಾಗುತ್ತದೆ. ಪಾಸು ತೆಗೆದುಕೊಂಡರೆ ಅರ್ಧ ಊರನ್ನು ಕುಳಿತೇ ನೋಡಬಹುದು. 2024ರಿಂದ ಕೆಲವು ದಿನಗಳಲ್ಲಿ, ಹಗಲು ಬಂದು ಹೋಗುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಾರೆ, ರಾತ್ರಿ ಅಲ್ಲೇ ತಂಗುವವರಿಗೆ ವಿನಾಯಿತಿಯಿದೆ.

ರಿಯಾಲ್ಟೊ ಸೇತುವೆಯ ಪಕ್ಕದಲ್ಲೊಂದು ದೊಡ್ಡ ಕಟ್ಟಡ, ಫೊಂಡಾಕೊ ದೇಯಿ ತೆದೆಸ್ಕಿ, ಜರ್ಮನ್ ವರ್ತಕರ ಹಳೆಯ ಕೋಠಿ. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಮೆಣಸು ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ ಹಾದು ವೆನಿಸ್ಸಿಗೆ ಬರುತ್ತಿತ್ತು. ಅಲ್ಲಿಂದ ಈ ವರ್ತಕರು ಅದನ್ನು ಬ್ರೆನ್ನರ್ ದಾಟಿಸಿ ಜರ್ಮನಿಗೆ ಒಯ್ಯುತ್ತಿದ್ದರು. ಶ್ರೀಮಂತ ವರ್ತಕನನ್ನು ಹಳೆಯ ಜರ್ಮನ್ನಿನಲ್ಲಿ 'ಫೆಫರ್‌ಝಾಕ್', ಅಂದರೆ ಮೆಣಸಿನ ಚೀಲ, ಎಂದು ಹಂಗಿಸುತ್ತಿದ್ದರು. ವಿಜಯನಗರಕ್ಕೆ ಸುಮಾರು 1420ರಲ್ಲಿ ಬಂದ ನಿಕೊಲೊ ಕೊಂಟಿ ವೆನಿಸ್ಸಿನ ವರ್ತಕನೇ. ಇದನ್ನೆಲ್ಲ ಹೇಳಿದಾಗ ಮಾವನವರು ಸಾಲುಸಾಲು ಅರಮನೆಗಳನ್ನು ನೋಡಿ, "ಹಾಗಾದರೆ ಇದನ್ನೆಲ್ಲ ನಮ್ಮ ಮೆಣಸಿನ ದುಡ್ಡಲ್ಲಿ ಕಟ್ಟಿದ್ದು! ನಮಗೆ ಕ್ವಿಂಟಾಲಿಗೆ ಎಷ್ಟು ಕೊಟ್ಟಿದ್ದರಂತೆ?" ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಸಲ ನಿಮ್ಮ ಮನೆಗೂ ಹಿರಿಯರು ಬರುವವರಿದ್ದರೆ ನಮ್ಮದೊಂದು ವಿನಂತಿ. ಟಿಕೆಟ್ ತೆಗೆಯುವ ಮೊದಲು ಒಂದು ವಾರ ಅವರೊಡನೆ ಸಂಜೆ ತಿರುಗಾಡಿ. ಹೇಗಿದ್ದೀರಿ ಎಂದು ಕೇಳಿದರೆ "ಚೆನ್ನಾಗಿದ್ದೇನೆ" ಎಂದೇ ಹೇಳುತ್ತಾರೆ. ಎಲ್ಲಿ ನಿಲ್ಲುತ್ತಾರೆಂದು ನೋಡಿ. ಔಷಧಿ ಚೀಟಿ, ಹಳೆಯ ಇಸಿಜಿಗಳನ್ನು ಊರಿನಿಂದಲೇ ತರಿಸಿಕೊಳ್ಳಿ. ವಿಮೆಯ ಸಣ್ಣಕ್ಷರಗಳನ್ನು ಓದಿ. ಹೋಗುವ ಜಾಗವನ್ನು ಆಮೇಲೆ ಆರಿಸಿ.