ಅಪ್ಪನ ಅಟ್ಲಾಸ್

ಅಪ್ಪ ಹೋದ ಮೇಲೆ ಸೊಕ್ಕೆಯ ನಮ್ಮ ಹಿತ್ತಲಲ್ಲಿ ಅವರ ಅಟ್ಲಾಸ್ ಸೈಕಲ್ಲು ತುಕ್ಕು ಹಿಡಿದು ನಿಂತಿತ್ತು. ‘ಗುಜರಿಗೆ ಹಾಕು’ ಅಂದರು ಎಲ್ಲರೂ.

1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್, ಸಾಹಿಬಾಬಾದ್‌ನ ತನ್ನ ಕೊನೆಯ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತೇ ವಿಶ್ವ ಸೈಕಲ್ ದಿನ! ಆದರೆ ಕಾರ್ಖಾನೆ ನಿಂತರೂ ಸಾಮಾನು ನಿಂತಿಲ್ಲ. 28 ಇಂಚಿನ ಟೈರು, ಟ್ಯೂಬು, ಕಡ್ಡಿ ಈಗಲೂ ಸಿಗುತ್ತವೆ.

ಪಂಚರ್ ಅಂಗಡಿಯ ಅಜ್ಜ ಚಕ್ರ ಬಿಚ್ಚಿ, ಹಬ್ಬನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಸವೆದ ಬಾಲ್ಸು ತೆಗೆದು ಹೊಸವು ಕೂರಿಸಿ, ಗ್ರೀಸ್ ತುಂಬಿದರು. ‘ಹೊಳಪು ಆಮೇಲೆ, ಮೊದ್ಲು ಚಕ್ರ ತಿರುಗ್ಲಿ ತಮ್ಮಾ’ ಅಂದರು.

ಬಣ್ಣ ಮಾತ್ರ ಬೇಡ ಅಂದೆ. ಚೈನ್ ಕವರಿನ ಮೇಲೆ ಪೇಂಟರ್ ಬರೆದ ಅಪ್ಪನ ಹೆಸರು ಅರ್ಧ ಉಳಿದಿದೆ. ಈಗ ಹೊಲಕ್ಕೆ ಬುತ್ತಿ ಹೋಗೋದು ಅದರಲ್ಲೇ. ಒರೆಸುವಾಗ ಅವ್ವ ಆ ಅಕ್ಷರಗಳ ಮೇಲೆ ಮೆಲ್ಲಗೆ ಬಟ್ಟೆ ಆಡಿಸ್ತಾಳೆ.