ಒತ್ತು, ಹಿಡಿ, ಬಿಡು

ನನ್ನ ಲಾರಿಗೆ ಕೀಲಿಕೈ ಇಲ್ಲ. ಡ್ಯಾಶ್‌ಬೋರ್ಡಿನ ಸ್ವಿಚ್ಚು ತಿರುಗಿಸಿ ಗುಂಡಿ ಒತ್ತಿದರೆ ಎಂಜಿನ್ ಶುರುವಾಗುತ್ತದೆ, ನಿಲ್ಲಿಸಲು ಒಂದು ಹಿಡಿಯನ್ನು ಹೊರಕ್ಕೆ ಎಳೆಯಬೇಕು. 1971ರಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ಎಂ35ಎ2 ಇದು. ಕಚ್ಚಾ ನೆಲದಲ್ಲಿ ಎರಡೂವರೆ ಟನ್ ಹೊರುವ ಗಾಡಿಯಾದ್ದರಿಂದ ಇದಕ್ಕೆ ‘ಡ್ಯೂಸ್ ಆ್ಯಂಡ್ ಎ ಹಾಫ್’ ಎಂಬ ಅಡ್ಡಹೆಸರು. ಸೈನ್ಯ ಹರಾಜು ಹಾಕಿದ್ದನ್ನು ಯಾರೋ ಕೊಂಡಿದ್ದರು, ಅವರಿಂದ ನಾನು ಕೊಂಡೆ. ಕ್ಯಾಲಿಫೋರ್ನಿಯಾದ ನಮ್ಮ ಬೀದಿಯ ಟೆಸ್ಲಾಗಳ ನಡುವೆ ಅದು ಮದುವೆಮನೆಗೆ ನುಗ್ಗಿದ ಎಮ್ಮೆಯ ಹಾಗೆ ನಿಂತಿರುತ್ತದೆ.

ಇದಕ್ಕೆ ಪವರ್ ಸ್ಟೀರಿಂಗ್ ಇಲ್ಲ. ಗಂಟೆಗೆ ತೊಂಬತ್ತು ಕಿಲೋಮೀಟರ್ ದಾಟುವುದಿಲ್ಲ. ಆದರೆ ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ಯಾವುದನ್ನು ಕುಡಿಸಿದರೂ ಓಡುತ್ತದೆ. ಹತ್ತೊಂಬತ್ತರ ಹುಡುಗನೊಬ್ಬ ಕತ್ತಲಲ್ಲಿ, ಕೆಸರಲ್ಲಿ ಮಲಗಿ ರಿಪೇರಿ ಮಾಡಬೇಕು ಎಂದುಕೊಂಡೇ ಇದನ್ನು ಕಟ್ಟಿದಂತಿದೆ. ಎಲ್ಲವೂ ಕೈಗೆ ಸಿಗುತ್ತದೆ, ಏನೂ ಅಡಗಿಲ್ಲ. ಒಂದೆರಡು ಗುಟ್ಟು ಮಾತ್ರ ತಿಳಿದಿರಬೇಕು. ಎಡಬದಿಯ ಚಕ್ರಗಳ ನಟ್ಟಿಗೆ ಉಲ್ಟಾ ಮರೆ. ಗೊತ್ತಿಲ್ಲದವನು ಬಿಚ್ಚುತ್ತೇನೆಂದು ಇನ್ನಷ್ಟು ಬಿಗಿ ಮಾಡುತ್ತ ಕೂರುತ್ತಾನೆ.

ನನಗೆ ಲಾರಿಯ ಹುಚ್ಚು ಹತ್ತಿಸಿದವರು ಸೋದರಮಾವ. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಲೋಡು ಹೊಡೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೇ ಅವರ ಸಂಬಳವಿಲ್ಲದ ಕ್ಲೀನರ್. ಏರಿನಲ್ಲಿ ಲಾರಿ ನಿಂತ ಕೂಡಲೇ ಹಾರಿ ಇಳಿದು ಚಕ್ರಕ್ಕೆ ಮರದ ತುಂಡು ಕೊಡಬೇಕು. ಬ್ರೇಕಿನ ಗಾಳಿ ತೆಗೆಯುವಾಗ ಮಾವ ಅಡಿಯಲ್ಲಿ ಮಲಗಿ ಕೂಗುತ್ತಿದ್ದರು: ಒತ್ತು, ಹಿಡಿ, ಬಿಡು. ಒತ್ತುವವನು ನಾನು. ಪೆಡಲ್ ಒತ್ತಿ ಹಿಡಿದಾಗ ಅವರು ಸಣ್ಣ ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿ ಮಾಡುತ್ತಿದ್ದರು. ಆಮೇಲಷ್ಟೇ ಕಾಲು ತೆಗೆಯಬೇಕು. ಮುಂಚೆ ತೆಗೆದರೆ ಗಾಳಿ ಮತ್ತೆ ಒಳಗೆ.

ಇಲ್ಲಿ ನನಗೆ ಗುರುವಾಗಿ ಸಿಕ್ಕವರು ಎರಡು ಬೀದಿಯಾಚೆಯ ಒಬ್ಬ ಹಿರಿಯರು. 1968ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ವಿಯೆಟ್ನಾಮಿನಲ್ಲಿ ಇಂಥದೇ ಲಾರಿ ಓಡಿಸಿದವರು. ಯುದ್ಧದ ಮಾತು ತೆಗೆಯುವುದಿಲ್ಲ, ಕಾರ್ಬನ್ನು, ಗ್ಯಾಸ್ಕೆಟ್ಟುಗಳ ಮಾತಾದರೆ ಮುಗಿಸುವುದಿಲ್ಲ. ಪ್ರತಿ ಚಳಿಗಾಲ ನಾವಿಬ್ಬರೂ ಮೊಹಾವೆ ಮರುಭೂಮಿಗೆ ಹೋಗುತ್ತಿದ್ದೆವು. ಕೊಲರಾಡೋ ನದಿಯಿಂದ ಪಶ್ಚಿಮಕ್ಕೆ ಸುಮಾರು 220 ಕಿಲೋಮೀಟರ್ ಸಾಗುವ ಮೊಹಾವೆ ರೋಡ್ ಎಂಬ ಹಳೆಯ ಗಾಡಿದಾರಿ ಅಲ್ಲಿದೆ. ದಾರಿಯುದ್ದಕ್ಕೂ ಒಂದು ಪೆಟ್ರೋಲ್ ಬಂಕೂ ಸಿಗುವುದಿಲ್ಲ. ಸೋಡಾ ಲೇಕ್ ಎಂಬ ಒಣಗಿದ ಉಪ್ಪಿನ ಕೆರೆಯ ನಡುವೆ ಪ್ರಯಾಣಿಕರು ಹಾಕಿದ ಕಲ್ಲುಗಳ ಗುಡ್ಡೆಯೊಂದಿದೆ. ಹೋದವರು ಮನೆಯಿಂದ ತಂದ ಕಲ್ಲೊಂದನ್ನು ಸೇರಿಸಿ ಬರುವುದು ವಾಡಿಕೆ.

ಕಳೆದ ಫೆಬ್ರವರಿಯಲ್ಲಿ ಮಾರ್ಲ್ ಸ್ಪ್ರಿಂಗ್ಸ್ ದಾಟಿ ಆ ಕೆರೆಯ ಕಡೆಗೆ ಇಳಿಯುತ್ತಿದ್ದಾಗ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಈ ಲಾರಿಯ ಆರೂ ಚಕ್ರಕೇಂದ್ರಗಳ ಬ್ರೇಕಿಗೆ ಇರುವುದು ಒಂದೇ ಜಾಡು, ಎಲ್ಲಿ ಸೋರಿದರೂ ಎಲ್ಲ ಹೋದಂತೆ. ಗಾಡಿ ಕೆಳಗಿನ ಗೇರಿನಲ್ಲಿತ್ತು. ಹ್ಯಾಂಡ್‌ಬ್ರೇಕ್ ಎಳೆದಾಗ ಇಪ್ಪತ್ತು ಮಾರು ಉಜ್ಜಿಕೊಂಡು ಹೋಗಿ ನಿಂತಿತು. ನಾನು ಇಳಿದು ಚಕ್ರಕ್ಕೆ ಮರದ ತುಂಡು ಕೊಟ್ಟೆ. ಹಿಂದಿನ ಟೈರೊಂದರ ಒಳಮೈ ನೇರಳೆ ಬಣ್ಣಕ್ಕೆ ತಿರುಗಿತ್ತು. ಸೈನ್ಯದ ಸಿಲಿಕಾನ್ ಬ್ರೇಕ್ ಎಣ್ಣೆಯ ಬಣ್ಣವದು. ಆ ಚಕ್ರದ ಸಿಲಿಂಡರ್ ಒಡೆದಿತ್ತು.

ಚಕ್ರಕ್ಕೆ ಹೋಗುವ ಕೊಳವೆ ಬಿಚ್ಚಿ, ಕವಲಿನ ಬಾಯಿಗೆ ಬಿರಡೆ ತಿರುಗಿಸಿ, ಎಣ್ಣೆ ತುಂಬಿದೆವು. ಇನ್ನು ಗಾಳಿ ತೆಗೆಯಬೇಕು. ಹಿರಿಯರು ಕ್ಯಾಬಿಗೆ ಹತ್ತಲು ಮೂರು ಸಲ ಪ್ರಯತ್ನಿಸಿದರು. ಮೊಣಕಾಲು ಕೇಳಲಿಲ್ಲ. ನಾಲ್ಕನೇ ಸಲ ನಾನು ಹಿಂದಿನಿಂದ ಎತ್ತಿ ಕೂರಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ನಾನು ಅಡಿಯಲ್ಲಿ ಮಲಗಿ ಯಾವಾಗಿನಂತೆ ಕೂಗಿದೆ: ಒತ್ತು, ಹಿಡಿ, ಬಿಡು. ವರ್ಷಗಟ್ಟಲೆ ಕೇಳಿ ಅವರಿಗೆ ಬಂದಿರುವ ಕನ್ನಡ ಅಷ್ಟೇ, ಮೂರು ಪದ. ಐದು ಚಕ್ರದ ಬ್ರೇಕಿನಲ್ಲಿ ಸೋಡಾ ಲೇಕಿಗೆ ಇಳಿಯದೆ, ಕೆಲ್‌ಬೇಕರ್ ರಸ್ತೆ ಹಿಡಿದು ಮೆಲ್ಲಗೆ ಬೇಕರ್ ಊರು ತಲುಪಿದೆವು. ಅವರು ತಂದಿದ್ದ ಕಲ್ಲು ಟೂಲ್‌ಬಾಕ್ಸಿನಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ಎರಡು ಜಾಡಿನ ಮಾಸ್ಟರ್ ಸಿಲಿಂಡರ್ ಹಾಕಲು ನಿರ್ಧರಿಸಿದೆ. ಹಳೆಯದನ್ನು ಹಾಗೇ ಉಳಿಸಬೇಕೆನ್ನುವವರು ಬೈಯುತ್ತಾರೆ, ಬೈಯಲಿ. ಮ್ಯೂಸಿಯಮ್ಮಿಗಾದರೆ ಮೂಲರೂಪ ಸರಿ, ಮರುಭೂಮಿಗೆ ಹೋಗುವ ಲಾರಿ ವಾಪಸು ಬರಬೇಕು. ಬಿಡಿಭಾಗ ತರಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಪೆಡಲಿನ ಮೇಲೆ ಕಾಲಿಡುವ ಇನ್ನೊಬ್ಬರನ್ನು ಹುಡುಕುವುದು. ಯಾವ ಕೈಪಿಡಿಯಲ್ಲೂ ಆ ಭಾಗಕ್ಕೆ ನಂಬರ್ ಇಲ್ಲ.

ಕಳೆದ ಭಾನುವಾರ ಹೊಸ ಸಿಲಿಂಡರ್ ಕೂರಿಸಿದೆ. ಹಿರಿಯರು ಫುಟ್‌ಪಾತಿನ ಮೇಲೆ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಹದಿನೇಳರ ಮಗಳು, ಫೋನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಸೀಟಿನ ತುದಿಗೆ ಜಾರಿ ಪೆಡಲ್ ಮುಟ್ಟಿಸಿಕೊಂಡಳು. ನಾನು ಕೂಗುವ ಮೊದಲೇ ಹಿರಿಯರು ತಮ್ಮ ಅಮೆರಿಕನ್ ನಾಲಿಗೆಯಲ್ಲಿ ಶುರುಮಾಡಿದರು. “ಒಟ್ಟು!” ಎಂದರು. ನನ್ನ ಮಗಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಕ್ಯಾಬಿನಿಂದ ತಲೆ ಹೊರಹಾಕಿ, “ಒಟ್ಟು ಅಲ್ಲ, ಒತ್ತು” ಎಂದು ತಿದ್ದಿ, ಒತ್ತಿದಳು.