ಕಮರಿಯ ಓಟ

ಮೂವತ್ತು ವರ್ಷಗಳ ಕಾಲ ಮಡಕಶಿರಾ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಇವೆರಡೇ ನನ್ನ ವಿದ್ಯೆಯ ಉಪಕರಣಗಳು. ಸಾಹಿತ್ಯದ ಪತ್ರಿಕೆಗೆ ಬರೆಯುವ ಅಧಿಕಾರ ಇಂತಹವನಿಗೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ. ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಉಪಾಧ್ಯಾಯರೂ ಮಕ್ಕಳೂ ಓದುವ ಈ ಪುಟಗಳಿಗಿಂತ ತಕ್ಕ ಸ್ಥಳ ನನಗೆ ಬೇರೆ ಕಾಣಲಿಲ್ಲ.

2018ರಲ್ಲಿ ನಿವೃತ್ತನಾದೆ. ಮರುವರ್ಷದ ಮೇ ತಿಂಗಳಿನಲ್ಲಿ ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿರುವ ಮಗನ ಮನೆಗೆ ಹೋದೆ. ಮಗನಿಗೂ ನನ್ನಂತೆಯೇ ಓಟದ ಹುಚ್ಚು. ಆ ಬೆಂಗಾಡಿನ ನಡುವೆ ಕೊಲರಾಡೋ ನದಿ ಕೊರೆದಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯೊಳಕ್ಕೆ ಒಂದು ದಾರಿಯಿಂದ ಇಳಿದು, ಇನ್ನೊಂದು ದಾರಿಯಿಂದ ಏರಿ ಬರುವ ಒಂದು ಸುತ್ತು ಉಂಟು. ಸೌತ್ ಕೈಬಾಬ್ ದಾರಿಯಲ್ಲಿ ಇಳಿಯಲು 7 ಮೈಲಿ, ಬ್ರೈಟ್ ಏಂಜಲ್ ದಾರಿಯಲ್ಲಿ ಏರಲು ಒಂಬತ್ತೂವರೆ ಮೈಲಿ. ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ಮರಳುವ ಸಾಹಸ ಬೇಡವೆಂದು ಉದ್ಯಾನದ ಅಧಿಕಾರಿಗಳು ಫಲಕ ಹಾಕಿದ್ದಾರೆ. ನಾನು ಅದನ್ನು ಓದಿದೆ. ಅದು ಬೇರೆಯವರಿಗಾಗಿ ಬರೆದದ್ದೆಂದು ಭಾವಿಸಿದೆ.

ನಸುಕಿನಲ್ಲಿ ಹೊರಟೆವು. ದಾರಿಯ ಬಾಯಿ 7,200 ಅಡಿಗೂ ಮೇಲಿನ ಎತ್ತರದಲ್ಲಿದೆ. ಮೇ ತಿಂಗಳಾದರೂ ಕೈಬೆರಳು ಮರಗಟ್ಟುವಷ್ಟು ಚಳಿ. ಸೂರ್ಯ ಹುಟ್ಟಿದಾಗ ಕಂಡ ನೋಟವನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಹಾಲುಬಿಳುಪಿನ ಸುಣ್ಣಗಲ್ಲು, ಅದರ ಕೆಳಗೆ ಕೆಮ್ಮಣ್ಣಿನ ಬಣ್ಣದ ಬಂಡೆ, ಅದಕ್ಕೂ ಕೆಳಗೆ ನೇರಳೆ, ಹಸುರು, ಕಪ್ಪು. ಪದರದ ಮೇಲೆ ಪದರ. ಮೇಲಿನ ಸುಣ್ಣಗಲ್ಲಿಗೆ ಸುಮಾರು 27 ಕೋಟಿ ವರ್ಷ ವಯಸ್ಸು. ತಳದ ಕಪ್ಪುಶಿಲೆಗೆ ಸುಮಾರು 170 ಕೋಟಿ. ಆ ತಳದ ಶಿಲೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ‘ವಿಷ್ಣು’ ಎಂದು ಮಗ ಹೇಳಿದಾಗ ನಾನು ನಂಬಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಲಾರೆನ್ಸ್ ಡಟನ್ ಎಂಬ ವಿದ್ವಾಂಸ ಕಮರಿಯ ಶಿಖರಗಳನ್ನು ಕಂಡು, ಅವು ಗುಡಿಗಳಂತಿವೆಯೆಂದು ಶಿವ, ವಿಷ್ಣುಗಳ ಹೆಸರನ್ನಿಟ್ಟನಂತೆ. ಬ್ರಹ್ಮನ ಹೆಸರಿನ ಶಿಖರವೂ ಅಲ್ಲಿದೆ. ಪರದೇಶದಲ್ಲಿ ತ್ರಿಮೂರ್ತಿಗಳೇ ಜೊತೆಗಿದ್ದಾರೆಂದು ನನ್ನ ಉತ್ಸಾಹ ಇಮ್ಮಡಿಯಾಯಿತು.

ಉತ್ಸಾಹವೇ ನನ್ನನ್ನು ಕೆಡಿಸಿತು. ಇಳಿಜಾರಿನಲ್ಲಿ ಕಾಲು ತಾನಾಗಿ ಓಡುತ್ತದೆ. ಮಗ ಹಿಂದಿನಿಂದ “ಅಪ್ಪ, ಮೆಲ್ಲಗೆ” ಎನ್ನುತ್ತಲೇ ಇದ್ದ. ಹೇಸರಗತ್ತೆಗಳ ಸಾಲು ಎದುರಾದಾಗ ಬಂಡೆಗೆ ಒತ್ತಿ ನಿಂತು ದಾರಿ ಕೊಡಬೇಕು. ಆಗ ಮಾತ್ರ ನಿಂತೆ. ಆ ದಾರಿಯಲ್ಲಿ ನೆರಳಿಲ್ಲ, ನೀರಿಲ್ಲ. ತಳದಲ್ಲಿ 1928ರಲ್ಲಿ ಕಟ್ಟಿದ ತೂಗುಸೇತುವೆಯಿದೆ. ಅದರ ಉಕ್ಕಿನ ಹಗ್ಗಗಳು ಒಂದೊಂದೂ ಒಂದು ಟನ್ನಿಗಿಂತ ಹೆಚ್ಚು ಭಾರ. ಹವಾಸುಪಾಯಿ ಎಂಬ ಆ ನೆಲದ ಜನರು, 42 ಮಂದಿ, ಒಂದೇ ಸಾಲಿನಲ್ಲಿ ಹೆಗಲು ಕೊಟ್ಟು ಅವನ್ನು ಕೆಳಗಿಳಿಸಿದರಂತೆ. ಒಬ್ಬನ ಕಾಲು ಜಾರಿದರೆ ಎಲ್ಲರಿಗೂ ಅಪಾಯ. ಆದುದರಿಂದ ಅತಿ ನಿಧಾನಿಯ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಿರಬೇಕು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಬೆಟ್ಟಕ್ಕೂ ಕಮರಿಗೂ ಇರುವ ಭೇದ ಇದು: ಬೆಟ್ಟದಲ್ಲಿ ಏರುವಾಗ ಶಕ್ತಿ ಇರುತ್ತದೆ, ದಣಿದಾಗ ಇಳಿಜಾರು ದೊರೆಯುತ್ತದೆ. ಕಮರಿಯಲ್ಲಿ ಸುಲಭವಾದುದು ಮೊದಲು, ಕಠಿಣವಾದುದು ಕೊನೆಗೆ. ನದಿಯಿಂದ ಮೇಲಕ್ಕೆ ಸುಮಾರು 4,400 ಅಡಿ ಏರಬೇಕು. ಮೇಲಿನ ಚಳಿ ಕೆಳಗಿಲ್ಲ. ಕರಿಬಂಡೆ ಕಾದ ಹೆಂಚಿನಂತಿತ್ತು. ದೆವ್ವದ ತಿರುಪು ಎಂದು ಅಲ್ಲಿನವರು ಕರೆಯುವ ಅಂಕುಡೊಂಕಿನ ಏರಿಗೆ ಬರುವ ವೇಳೆಗೆ ನನ್ನ ತೊಡೆಗಳು ನಡುಗತೊಡಗಿದವು. ನೀರು ಕುಡಿದಷ್ಟೂ ಹೊಟ್ಟೆ ತೊಳಸುತ್ತಿತ್ತು. ಒಂದು ಬಂಡೆಯ ಮೇಲೆ ಕುಸಿದು ಕುಳಿತೆ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಓಟದ ನಡುವೆ ಕುಳಿತಿದ್ದೆ.

ಆಗ ಆ ಹುಡುಗನ ಮುಖ ಕಣ್ಣೆದುರು ಬಂತು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಶಾಲೆಯ ವಾರ್ಷಿಕ ಓಟದಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗ ಕೆರೆಯ ಏರಿಯ ಹೊಂಗೆಮರದ ಕೆಳಗೆ ಕುಳಿತುಬಿಟ್ಟ. ಮರುದಿನ ಪ್ರಾರ್ಥನೆಯ ಸಾಲಿನ ಮುಂದೆ ಅವನನ್ನು ನಿಲ್ಲಿಸಿ, “ಕೈಲಾಗದವನು ಹೇಗಿರುತ್ತಾನೆ, ನೋಡಿರಿ” ಎಂದೆ. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಏಕೆ ಕುಳಿತೆಯೆಂದು ನಾನು ಕೇಳಿರಲಿಲ್ಲ.

ಮಗ ಪಕ್ಕದಲ್ಲಿ ಕುಳಿತ. ನನ್ನನ್ನು ಗದರಲಿಲ್ಲ, ಹುರಿದುಂಬಿಸಲೂ ಇಲ್ಲ. “ಅಪ್ಪ, ಬೆಳಿಗ್ಗೆಯಿಂದ ಏನು ತಿಂದೆ?” ಎಂದು ಮಾತ್ರ ಕೇಳಿದ. ಏನೂ ತಿಂದಿರಲಿಲ್ಲ. ಚೀಲದಿಂದ ಉಪ್ಪು ಹಾಕಿದ ಕಡಲೆಕಾಯಿ ಬೀಜ ತೆಗೆದು ಕೈಗಿತ್ತ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ಕುಡಿಯುತ್ತಿದ್ದರೆ ರಕ್ತದಲ್ಲಿ ಉಳಿದ ಉಪ್ಪು ಇನ್ನಷ್ಟು ತೆಳುವಾಗಿ ದೇಹ ಕಂಗೆಡುತ್ತದೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಹೇಳಿದ್ದೆ. ಉಪ್ಪಿನ ಬೆಲೆ ತಿಳಿದದ್ದು ಅಂದು. ಅರ್ಧ ಗಂಟೆಯ ಮೇಲೆ ಎದ್ದೆವು. ಓಡಲಿಲ್ಲ, ನಡೆದೆವು. ಆಗ ಇಂಡಿಯನ್ ಗಾರ್ಡನ್ ಎನ್ನುತ್ತಿದ್ದ, 2022ರಿಂದ ಹವಾಸುಪಾಯಿ ಗಾರ್ಡನ್ಸ್ ಎಂದು ಹೆಸರಾಗಿರುವ ತೋಪಿನ ನೆರಳಿನಲ್ಲಿ ಬಹಳ ಹೊತ್ತು ಮಲಗಿದೆವು. ಮೇಲೆ ತಲುಪಿದಾಗ ದೀಪ ಹಚ್ಚುವ ಹೊತ್ತು.

ಆ ರಾತ್ರಿ ಮಗ ಲೂಯಿಸ್ ತೆವಾನಿಮಾ ಎಂಬ ಓಟಗಾರನ ವಿಷಯ ಹೇಳಿದ. ಆ ಅರಿಜೋನಾದವನೇ, ಹೋಪಿ ಜನಾಂಗದವನು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನ 10,000 ಮೀಟರ್ ಓಟದಲ್ಲಿ ಬೆಳ್ಳಿಯ ಪದಕ ಗಳಿಸಿದವನು. ಹೋಪಿಗಳಿಗೆ ಓಟವೆಂದರೆ ಪಂದ್ಯವಷ್ಟೇ ಅಲ್ಲ, ಪ್ರಾರ್ಥನೆ. ಮಳೆಮೋಡಗಳನ್ನು ಹೊಲಗಳಿಗೆ ಕರೆಯಲು ಅವರು ಓಡುತ್ತಾರಂತೆ. ನಮ್ಮ ಸೀಮೆಯಂತೆಯೇ ಮಳೆಗೆ ಮುಗಿಲು ನೋಡುವ ನಾಡು ಅದು. ಮಳೆ ಬಂದರೆ ಎಲ್ಲರ ಹೊಲಕ್ಕೂ ಬರುತ್ತದೆ, ಕೊನೆಗೆ ಬಂದವನ ಹೊಲಕ್ಕೂ. ನನ್ನ ಗಡಿಯಾರ ಮೊದಲು ಬಂದವನನ್ನು ಮಾತ್ರ ಗುರುತಿಸುತ್ತಿತ್ತು.

ಊರಿಗೆ ಮರಳಿದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಈಗ ಅವನಿಗೆ ಹೊಲ, ಮನೆ, ಇಬ್ಬರು ಮಕ್ಕಳು. ಜಗಲಿಯ ಮೇಲೆ ಕುಳ್ಳಿರಿಸಿ ಮಜ್ಜಿಗೆ ಕೊಟ್ಟ. ನಾನು ಬಂದ ಕಾರಣ ಹೇಳಿ, ತಪ್ಪಾಯಿತೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓಟದ ದಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಮೇಷ್ಟ್ರೇ. ಆ ಓಟ ಮರೆತುಹೋಗಿದೆ. ಮರುದಿನ ಸಾಲಿನ ಮುಂದೆ ನಿಂತದ್ದು ಮಾತ್ರ ನೆನಪಿದೆ” ಎಂದ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳಬೇಕೆಂದು ನಾನು ಕೇಳಲೂ ಇಲ್ಲ.

ಈಗಲೂ ಓಟದ ದಿನ ಶಾಲೆಯವರು ನನ್ನನ್ನು ಕರೆಯುವುದುಂಟು. ಸೀಟಿ ಊದುವ ಮೊದಲು ಸಾಲಿನ ಉದ್ದಕ್ಕೂ ನಡೆದು, ಒಬ್ಬೊಬ್ಬರನ್ನೂ ಕೇಳುತ್ತೇನೆ: “ಬೆಳಿಗ್ಗೆ ಏನು ತಿಂದೆಯಪ್ಪ?” ಓಟ ಸ್ವಲ್ಪ ತಡವಾಗಿ ಆರಂಭವಾಗುತ್ತದೆ. ಆಗಲಿ.